ತೋಳಿನ ನೋವೂ ಮನಸ್ಸಿನ ಅಂಜಿಕೆಯೂ

ತೋಳು ನೋಯುವುದು ಅಪರೂಪದ ಸಂಗತಿಯಲ್ಲ. ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆಯನ್ನೆಳೆಯುವವರ ಹೆಗಲು ನೋಯುತ್ತದೆ. ಅಂಕೋಲೆಯ ಪೇಟೆಗೆ ಬುಟ್ಟಿ ಹೊತ್ತು ಬರುವ ಹೆಂಗಸಿನ ರಟ್ಟೆ ನೋಯುತ್ತದೆ. ಅವರಿಗೆ ಕಾರಣ ಗೊತ್ತು; ಆದುದರಿಂದ ಆ ನೋವು ದಣಿವಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಆದರೆ ಮೇಜಿನ ಮುಂದೆ ಕುಳಿತು ದುಡಿಯುವ ಗುಮಾಸ್ತರಿಗೋ ಉಪಾಧ್ಯಾಯರಿಗೋ ಒಂದು ದಿನ, ಕಾರಣವೇ ತೋರದೆ, ಎಡದೋಳು ನೋಯತೊಡಗಿದರೆ ಮಾತು ಬೇರೆಯಾಗುತ್ತದೆ. ಆಗ ನೋವು ಒಂದು ಪಾಲು, ‘ಇದು ಹೃದಯದ್ದೇ ಇರಬಹುದೆ?’ ಎಂಬ ಅಂಜಿಕೆ ಮೂರು ಪಾಲು. ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ, ಎರಡಕ್ಕೂ ತಕ್ಕ ಉಪಚಾರವೇನು ಎಂಬುದೇ ಇಂದಿನ ವಿಚಾರ.

ಈ ಅಂಜಿಕೆಯನ್ನು ಹೇಡಿತನವೆಂದು ನಗುವುದು ಸಲ್ಲದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ನಡೆಯುತ್ತಿದ್ದರೂ, ಕಠಿನವಾದ ರೋಗಗಳಿಗಾಗಿ ಆ ಕರಾವಳಿಯ ಜನರು ಗೋವೆಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವುದು ವಾಡಿಕೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಘಟ್ಟವನ್ನೇರಿ ಸುಮಾರು 130 ಕಿಲೋಮೀಟರು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಕೆಲವು ದಿನ ಮುಚ್ಚಿಹೋಯಿತು. ದಾರಿ ದೂರವಾದಷ್ಟೂ ಸಣ್ಣ ನೋವು ದೊಡ್ಡದಾಗಿ ತೋರುವುದು ಮನುಷ್ಯಸಹಜ.

ಹೃದಯದ ಬೇನೆ ತೋಳಿನಲ್ಲಿ ಏಕೆ ತೋರಬೇಕು? ಹೃದಯದಿಂದ ಬರುವ ನರಗಳೂ ತೋಳಿನ ಒಳಮಗ್ಗುಲಿನಿಂದ ಬರುವ ನರಗಳೂ ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಸ್ಥಳವನ್ನು ಮುಟ್ಟುತ್ತವೆ. ಅಲ್ಲಿಂದ ಮೇಲೇರಿದ ಸುದ್ದಿ ಯಾರ ಮನೆಯದೆಂದು ಮೆದುಳಿಗೆ ಸ್ಪಷ್ಟವಾಗದೆ, ಅದು ತೋಳಿನದೆಂದೇ ಎಣಿಸುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ನರು 1768ರಲ್ಲಿಯೇ, ನಡೆಯುವಾಗ ಎದೆಯನ್ನು ಹಿಂಡಿ ಎಡದೋಳಿಗೆ ಹರಿಯುವ ಈ ನೋವನ್ನು ವರ್ಣಿಸಿ ಅದಕ್ಕೊಂದು ಹೆಸರನ್ನಿಟ್ಟರು.

ಈ ಬಗೆಯ ನೋವಿಗೆ ಕೆಲವು ಲಕ್ಷಣಗಳುಂಟು. ಮೆಟ್ಟಿಲೇರುವಾಗ, ಭಾರವೆತ್ತುವಾಗ ಹೆಚ್ಚುತ್ತದೆ, ನಿಂತರೆ ಇಳಿಯುತ್ತದೆ. ಎದೆಯ ಮೇಲೆ ಕಲ್ಲಿಟ್ಟಂತೆ ಒತ್ತಡ, ತಣ್ಣನೆಯ ಬೆವರು, ಉಬ್ಬಸ, ಓಕರಿಕೆ ಜೊತೆಗೂಡಬಹುದು, ದವಡೆಗೂ ಹಬ್ಬಬಹುದು. ಹೆಂಗಸರಲ್ಲಿ, ವೃದ್ಧರಲ್ಲಿ, ಮಧುಮೇಹವುಳ್ಳವರಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತವಾಗುವುದುಂಟು. ಇಂಥ ಲಕ್ಷಣಗಳು ಹಠಾತ್ತಾಗಿ ತೋರಿ ಕೆಲವು ನಿಮಿಷಗಳಲ್ಲಿ ಶಮನವಾಗದಿದ್ದರೆ ವಿಚಾರಮಾಡುತ್ತ ಕೂಡದೆ 108ಕ್ಕೆ ಕರೆಮಾಡಬೇಕು.

ಇನ್ನೊಂದು ಭಯ ಪಾರ್ಶ್ವವಾಯುವಿನದು. ಅದರ ಗುರುತು ಸಾಮಾನ್ಯವಾಗಿ ನೋವಲ್ಲ, ಬಲಹೀನತೆ: ಕೈ ಒಮ್ಮೆಗೇ ಸೋಲುವುದು, ಬಾಯಿ ಓರೆಯಾಗುವುದು, ಮಾತು ತೊದಲುವುದು. ಅಂಕೋಲೆಯ ಬಳಿಯ ಬೆಳಂಬಾರವು ಈ ರೋಗದ ನಾಟಿವೈದ್ಯಕ್ಕೆ ಬಹುಕಾಲದಿಂದ ಹೆಸರಾದ ಊರು. ಅಲ್ಲಿಯ ನಂಬಿಕೆಗೆ ಗೌರವವಿರಲಿ. ಆದರೆ ಮೆದುಳಿನ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದುದರಿಂದ, ಮೊದಲ ಓಟ ಆಸ್ಪತ್ರೆಗೇ ಆಗಬೇಕು.

ಇವೆರಡೂ ಅಲ್ಲದ ನೋವುಗಳೇ ಬಹಳ. ಕತ್ತಿನ ಎಲುಬುಗಳ ನಡುವೆ ನರದ ಬುಡ ಒತ್ತಿಕೊಂಡರೆ ನೋವು ಬೆರಳವರೆಗೆ ಇಳಿಯುತ್ತದೆ. ಕತ್ತು ಹೊರಳಿಸಿದರೆ ಹೆಚ್ಚುತ್ತದೆ. ಹೆಗಲಿನ ಸ್ನಾಯುರಜ್ಜು ಸವೆದರೆ ತಲೆ ಬಾಚುವಾಗ, ಅಟ್ಟದ ಪಾತ್ರೆ ತೆಗೆಯುವಾಗ ತಿಳಿಯುತ್ತದೆ. ಕೀಲಿನ ಚೀಲವೇ ಬಿಗಿದು ತೋಳು ಮೇಲೇಳದಂತಾಗುವುದೂ ಉಂಟು. ಅಮೆರಿಕದ ಕಾಡ್‌ಮನ್ ಎಂಬ ವೈದ್ಯರು 1934ರಲ್ಲಿ ಇದನ್ನು ‘ಹೆಪ್ಪುಗಟ್ಟಿದ ಹೆಗಲು’ ಎಂದು ಕರೆದರು. ಇದು ಮಧುಮೇಹಿಗಳಲ್ಲಿ ಹೆಚ್ಚು. ಒಂದೆರಡು ವರ್ಷ ಕಾಡಿದರೂ ಬಹುಮಟ್ಟಿಗೆ ಸಡಿಲುತ್ತದೆ. ಆದರೆ ಜ್ವರ, ಕಾರಣವಿಲ್ಲದ ತೂಕನಷ್ಟ, ಗಂಟು, ದಿನೇದಿನೇ ಹೆಚ್ಚುವ ಜೋಮು ಇವು ಜೊತೆಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇನ್ನು ಕಷ್ಟದ ಪ್ರಸಂಗಕ್ಕೆ ಬರೋಣ. ವೈದ್ಯರು ಪರೀಕ್ಷಿಸಿದರು, ಇ.ಸಿ.ಜಿ. ಸರಿಯಾಗಿದೆ, ಎಕ್ಸ್‌ರೇ ಸರಿಯಾಗಿದೆ. ನೋವು ಮಾತ್ರ ಹೋಗಿಲ್ಲ. ಆಗ ‘ಎಲ್ಲ ನಿನ್ನ ಭ್ರಮೆ’ ಎನ್ನುವವರುಂಟು. ಅದು ತಪ್ಪು. ಹಗ್ಗವನ್ನು ಹಾವೆಂದು ಬಗೆದವನ ದೃಷ್ಟಾಂತವನ್ನು ನಮ್ಮ ಹಿರಿಯರು ಹೇಳುತ್ತಿದ್ದರಲ್ಲವೆ? ಅಲ್ಲಿ ಹಾವು ಇಲ್ಲದಿದ್ದರೂ ಹಗ್ಗ ಇದ್ದೇ ಇದೆ. ಹಾಗೆಯೇ ಇಲ್ಲಿ ನೋವು ನಿಜ. ಅದಕ್ಕೆ ನಾವು ಕಟ್ಟಿದ ಅರ್ಥ ಮಾತ್ರ ಕಲ್ಪಿತ.

ಅಂಜಿದ ದೇಹವು ಸುಮ್ಮನಿರುವುದಿಲ್ಲ. ಕತ್ತು ಹೆಗಲುಗಳ ಸ್ನಾಯುಗಳು ಬಿಗಿಯುತ್ತವೆ. ಬಿಗಿದ ಸ್ನಾಯು ನೋಯುತ್ತದೆ. ಉಸಿರು ವೇಗವಾಗಿ ರಕ್ತದ ಅಂಗಾರಾಮ್ಲವಾಯು ತಗ್ಗಿದರೆ ಬೆರಳುಗಳು ಜುಮುಗುಟ್ಟುತ್ತವೆ. ಅದನ್ನು ಕಂಡು ಅಂಜಿಕೆ ಇಮ್ಮಡಿಸುತ್ತದೆ. ನೋವೆಂದು ಕೈಯನ್ನಾಡಿಸದೆ ಇಟ್ಟರೆ ಕೀಲು ಮತ್ತಷ್ಟು ಬಿಗಿಯುತ್ತದೆ. ಹೀಗೆ ನೋವು ಅಂಜಿಕೆಯನ್ನೂ ಅಂಜಿಕೆ ನೋವನ್ನೂ ಸಾಕುತ್ತವೆ.

ಇದಕ್ಕಿಂತಲೂ ಸೂಕ್ಷ್ಮವಾದ ಬಲೆ ಸಮಾಧಾನದ್ದು. ವೈದ್ಯರು ‘ಏನೂ ಇಲ್ಲ’ ಎಂದೊಡನೆ ಮನಸ್ಸು ಹಗುರಾಗುತ್ತದೆ. ನಾಲ್ಕು ದಿನ ಕಳೆದರೆ ‘ಅವರ ಕಣ್ಣಿಗೆ ತಪ್ಪಿರಬಹುದೆ?’ ಎಂಬ ಸಂಶಯ ಮೂಡಿ ಇನ್ನೊಬ್ಬ ವೈದ್ಯರ ಬಾಗಿಲು ತಟ್ಟುವಂತಾಗುತ್ತದೆ. ಬಾಯಾರಿದವನು ಉಪ್ಪುನೀರು ಕುಡಿದಂತೆ, ಕೇಳಿದಷ್ಟೂ ದಾಹ ಹೆಚ್ಚು. ರಾತ್ರಿ ಮೊಬೈಲಿನಲ್ಲಿ ರೋಗಲಕ್ಷಣಗಳನ್ನು ಹುಡುಕುವುದೂ, ಗಳಿಗೆಗೊಮ್ಮೆ ತೋಳನ್ನು ಒತ್ತಿ ನೋಡುವುದೂ, ನಾಡಿ ಹಿಡಿದು ಎಣಿಸುವುದೂ ಇದೇ ಜಾತಿಗೆ ಸೇರಿದವು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ನಂಬಿಕೆಯುಳ್ಳ ಒಬ್ಬ ವೈದ್ಯರಿಂದ ಒಮ್ಮೆ ಚೆನ್ನಾಗಿ ಪರೀಕ್ಷೆ ಮಾಡಿಸಿಕೊಂಡು, ಯಾವ ಹೊಸ ಲಕ್ಷಣ ತೋರಿದರೆ ಮರಳಿ ಬರಬೇಕೆಂಬುದನ್ನು ಅವರಿಂದಲೇ ಬರೆಯಿಸಿಕೊಳ್ಳಬೇಕು. ಆ ಚೀಟಿಯಲ್ಲಿಲ್ಲದುದಕ್ಕೆ ಓಡಬೇಕಾಗಿಲ್ಲ. ಮುಂದಿನ ಭೇಟಿ ಗೊತ್ತುಮಾಡಿದ ದಿನಕ್ಕೇ ಆಗಲಿ. ಎರಡನೆಯದಾಗಿ, ಒತ್ತಿ ನೋಡಬೇಕೆನಿಸಿದಾಗ ಅರ್ಧ ಗಂಟೆ ತಡೆಯಬೇಕು. ಅಂಜಿಕೆಯ ಅಲೆ ತಾನಾಗಿ ಇಳಿಯುವುದನ್ನು ಆಗ ಕಾಣಬಹುದು. ಮೂರನೆಯದಾಗಿ, ವೈದ್ಯರು ಹೇಳಿದಂತೆ ತೋಳನ್ನು ದಿನವೂ ಮೆಲ್ಲನೆ ಆಡಿಸಬೇಕು. ಸಂಜೆ ಕಡಲತೀರದಲ್ಲಿ ಕೈಬೀಸಿ ನಡೆಯುವುದೂ ಔಷಧಿಯೇ. ಇಷ್ಟಾದರೂ ಅಂಜಿಕೆ ನಿದ್ರೆಯನ್ನೂ ಕೆಲಸವನ್ನೂ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯಿಲ್ಲ. ಯೋಚನೆಯ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆಯಿಂದ ಈ ವ್ಯಾಧಿಯಲ್ಲಿ ಒಳ್ಳೆಯ ಗುಣ ಕಂಡಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ, 14416ರ ಮೂಲಕ, ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ದೂರದ ಊರಿನವರಿಗೆ ಇದು ಸಣ್ಣ ಅನುಕೂಲವಲ್ಲ.

ಮನೆಯವರಿಗೂ ಒಂದು ಮಾತು. ಹಾಸ್ಯಮಾಡಬೇಡಿ; ಗಳಿಗೆಗೊಮ್ಮೆ ‘ಈಗ ಹೇಗಿದೆ?’ ಎಂದು ವಿಚಾರಿಸಲೂ ಬೇಡಿ. ‘ನೋವು ಉಂಟು, ಬಲ್ಲೆವು, ಬನ್ನಿ, ನಡೆದು ಬರೋಣ’ ಎನ್ನುವ ಜೊತೆಗಾರರು ನೂರು ಸಮಾಧಾನಗಳಿಗೆ ಸಮಾನ.

ಕಾರಣ ತಿಳಿಯದ ನೋವಿನೊಡನೆಯೂ ಬದುಕನ್ನು ನಡೆಸಬಹುದು. ಅಪಾಯದ ಗುರುತುಗಳು ಯಾವುವೆಂದು ಅರಿತು, ಅವಿಲ್ಲದಾಗ ಕಾವಲನ್ನು ಸಡಿಲಿಸಲು ಕಲಿತವನಿಗೆ, ನೋವು ಉಳಿದರೂ ದಿನದ ಕೆಲಸ ನಿಲ್ಲುವುದಿಲ್ಲ.