ನರಕ್ಕಾದ ಪೆಟ್ಟು, ಕಡತದ ಸಾಕ್ಷ್ಯ: ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿಗಳು

ಅಮೆರಿಕದ ಸೇನೆಯಲ್ಲಿ ದುಡಿದವರಿಗೆ ಸೇವೆಯ ಕಾರಣದಿಂದ ಗಾಯವೋ ಕಾಯಿಲೆಯೋ ಆಗಿ, ಅದರಿಂದ ಅಂಗವೈಕಲ್ಯ ಉಳಿದರೆ ಅಲ್ಲಿನ ಮಾಜಿ ಸೈನಿಕರ ಇಲಾಖೆ ತಿಂಗಳು ತಿಂಗಳು ತೆರಿಗೆಯಿಲ್ಲದ ಪರಿಹಾರ ಕೊಡುತ್ತದೆ. ವೈಕಲ್ಯವನ್ನು ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಿಲಲ್ಲಿ ಅಳೆಯುತ್ತಾರೆ. ಶೇಕಡಾವಾರು ಏರಿದಂತೆ ಹಣವೂ ಏರುತ್ತದೆ. ಕಾಲನ್ನೇ ಕಳೆದುಕೊಂಡವರ ಅಳತೆಯಲ್ಲಿ ತಕರಾರಿಗೆ ಹೆಚ್ಚು ಜಾಗವಿಲ್ಲ. ನರಕ್ಕೆ ಪೆಟ್ಟು ಬಿದ್ದವರ ಸಂಗತಿ ಬೇರೆ. ಕಾಲು ಇದೆ, ಗಾಯ ಮಾಯ್ದಿದೆ, ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ಆದರೆ ಪಾದ ರಾತ್ರಿಯಿಡೀ ಉರಿಯುತ್ತದೆ, ಬೆರಳುಗಳು ಮರಗಟ್ಟಿವೆ, ಮೆಟ್ಟಿಲಿಳಿಯುವಾಗ ಹೆಜ್ಜೆ ಎಲ್ಲಿ ಬಿತ್ತೆಂಬುದೇ ತಿಳಿಯುವುದಿಲ್ಲ. ಇಂಥವರು ಇಲಾಖೆಯ ಮೊದಲ ತೀರ್ಮಾನವನ್ನು ಪ್ರಶ್ನಿಸಿ ಮೇಲ್ಮನವಿಗೆ ಹೋದಾಗ ವಾದವೆಲ್ಲ ಒಂದೇ ಕಡೆಗೆ ಬಂದು ನಿಲ್ಲುತ್ತದೆ: ನೋಡಲು ಸಿಗದ ನೋವಿಗೆ ಯಾರ ಮಾತು ಸಾಕ್ಷ್ಯ?

ಸೈನಿಕರಲ್ಲಿ ನರಹಾನಿಗೆ ದಾರಿಗಳು ಹಲವು. ಗುಂಡು, ಸಿಡಿಗುಂಡಿನ ಚೂರು ನರವನ್ನು ನೇರವಾಗಿ ಕತ್ತರಿಸಬಹುದು. ವರ್ಷಗಟ್ಟಲೆ ಭಾರ ಹೊತ್ತು, ಪ್ಯಾರಾಚೂಟಿನಿಂದ ಧುಮುಕಿ ಬೆನ್ನುಮೂಳೆಯ ಡಿಸ್ಕ್ ಜಾರಿ, ಅದು ಸಯಾಟಿಕ್ ನರದ ಬೇರನ್ನು ಒತ್ತಿದರೆ ಸೊಂಟದಿಂದ ಪಾದದವರೆಗೆ ಸೆಳೆತ ಇಳಿಯುತ್ತದೆ. ಕೊರೆಯುವ ಚಳಿಯೂ ಸಾಕು. 1950ರ ನವೆಂಬರ್-ಡಿಸೆಂಬರಿನಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಸುತ್ತ ನಡೆದ ಕದನದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿದಿತ್ತು. ಅಲ್ಲಿ ಕಾಲು ಹೆಪ್ಪುಗಟ್ಟಿದ ಎಷ್ಟೋ ಮಂದಿಗೆ ಬೆರಳು ಉಳಿದರೂ ನರದ ಬೇನೆ ಮುಪ್ಪಿನವರೆಗೆ ಬಿಡಲಿಲ್ಲ.

ಪರಿಹಾರ ಸಿಗಲು ಮೂರನ್ನು ತೋರಿಸಬೇಕು. ಈಗ ವೈಕಲ್ಯವಿದೆ, ಸೇವೆಯಲ್ಲಿದ್ದಾಗ ಒಂದು ಘಟನೆಯೋ ಗಾಯವೋ ಆಗಿತ್ತು, ಇವೆರಡರ ನಡುವೆ ಕಾರಣದ ಕೊಂಡಿಯಿದೆ. ನರದ ಪ್ರಕರಣಗಳು ಹೆಚ್ಚಾಗಿ ಮುಗ್ಗರಿಸುವುದು ಕೊನೆಯದರಲ್ಲಿ. ಯುದ್ಧಭೂಮಿಯಲ್ಲಿ ಕಾಲು ಜೋಮು ಹಿಡಿಯಿತೆಂದು ಬರೆದಿಟ್ಟುಕೊಳ್ಳುವವರು ಯಾರು? ಬರೆದಿದ್ದರೂ ಆ ಕಾಗದ ಉಳಿದಿರಬೇಕಲ್ಲ. 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಸೇವಾ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು ಅದರಲ್ಲಿ ಸೇರಿದ್ದವು. ಸರ್ಕಾರದ ಸುಪರ್ದಿಯಲ್ಲಿದ್ದಾಗ ನಾಶವಾದ ದಾಖಲೆಯ ಭಾರವನ್ನು ಸೈನಿಕನ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಅಂಥ ಪ್ರಕರಣಗಳಲ್ಲಿ ಇಲಾಖೆ ಇನ್ನಷ್ಟು ಎಚ್ಚರದಿಂದ ಕಾರಣ ಕೊಟ್ಟು ತೀರ್ಮಾನಿಸಬೇಕೆಂದು ನ್ಯಾಯಾಲಯವೂ ಹೇಳಿದೆ. 2006ರ ಬುಕಾನನ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಸೈನಿಕನ ಅಥವಾ ಅವನ ಮನೆಯವರ ಹೇಳಿಕೆಯನ್ನು ತಳ್ಳಿಹಾಕುವಂತಿಲ್ಲ. ಉರಿ, ಮರಗಟ್ಟುವಿಕೆ, ಎಡವಿ ಬೀಳುವುದು ಇವೆಲ್ಲ ಅನುಭವಿಸಿದವನೇ ಹೇಳಬಲ್ಲ ಸಂಗತಿಗಳು. ಅದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ.

ಕಾರಣದ ಕೊಂಡಿಯನ್ನು ಮಾತ್ರ ಸಾಮಾನ್ಯವಾಗಿ ವೈದ್ಯರೇ ಕಟ್ಟಿಕೊಡಬೇಕು. ಅವರು ಖಚಿತವಾಗಿ ಹೇಳಬೇಕೆಂದಿಲ್ಲ. ಸೇವೆಯೇ ಕಾರಣವಾಗಿರುವ ಸಾಧ್ಯತೆ ಅರ್ಧಕ್ಕರ್ಧದಷ್ಟಿದ್ದರೂ ಸಾಕು. ಸಾಕ್ಷ್ಯ ಎರಡೂ ಕಡೆ ಸಮತೂಕದಲ್ಲಿದ್ದಾಗ ಸಂಶಯದ ಲಾಭ ಸೈನಿಕನಿಗೇ ಸೇರಬೇಕೆಂಬುದು ಈ ಕಾನೂನಿನ ಮೂಲ ನಿಯಮ. ಆದರೆ ವೈದ್ಯರು ಒಂದು ಸಾಲು ಬರೆದು ಸಹಿ ಹಾಕಿದರೆ ಅದಕ್ಕೆ ತೂಕ ಬರುವುದಿಲ್ಲ. ಅಭಿಪ್ರಾಯದ ಹಿಂದಿನ ತರ್ಕವೇ ಅದರ ಬಲವೆಂದು 2008ರ ನೀವ್ಸ್-ರೊಡ್ರಿಗೆಸ್ ತೀರ್ಪು ಸ್ಪಷ್ಟಪಡಿಸಿತು. ಈ ಮಾತು ಇಲಾಖೆಯ ವೈದ್ಯರಿಗೂ ಅನ್ವಯಿಸುತ್ತದೆ. ಕಾರಣ ಕೊಡದೆ ‘ಸಂಬಂಧವಿಲ್ಲ’ ಎಂದಷ್ಟೇ ಬರೆದ ವರದಿ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ, ಪ್ರಕರಣ ಮರುಪರೀಕ್ಷೆಗೆ ಹಿಂದಕ್ಕೆ ಬರುತ್ತದೆ.

ಕೊಂಡಿಯನ್ನು ಕಾನೂನೇ ಊಹಿಸಿಕೊಳ್ಳುವ ಸಂದರ್ಭಗಳೂ ಇವೆ. ವಿಯೆಟ್ನಾಂ ಯುದ್ಧದಲ್ಲಿ 1962ರಿಂದ 1971ರವರೆಗೆ ಅಮೆರಿಕದ ಸೇನೆ ಕಾಡು, ಹೊಲಗಳ ಮೇಲೆ ಸುಮಾರು 2 ಕೋಟಿ ಗ್ಯಾಲನ್ ಸಸ್ಯನಾಶಕ ಸುರಿಯಿತು. ಅದರಲ್ಲಿ ಹೆಚ್ಚು ಬಳಕೆಯಾದದ್ದು ಏಜೆಂಟ್ ಆರೆಂಜ್. 1991ರ ಕಾಯ್ದೆಯ ಪ್ರಕಾರ, ಅಲ್ಲಿದ್ದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಸಸ್ಯನಾಶಕವೇ ಕಾರಣವೆಂದು ಒಪ್ಪಿಕೊಳ್ಳುತ್ತಾರೆ. ಕೈಕಾಲಿನ ನರಬೇನೆಯೂ ಪಟ್ಟಿಯಲ್ಲಿದೆ, ಆದರೆ ಕಟ್ಟುನಿಟ್ಟಾದ ಷರತ್ತಿನೊಂದಿಗೆ: ವಿಷದ ಸಂಪರ್ಕವಾದ ಒಂದು ವರ್ಷದೊಳಗೆ ಅದು ಕಾಣಿಸಿಕೊಂಡಿರಬೇಕು. ಎರಡು ವರ್ಷದಲ್ಲಿ ಅದು ವಾಸಿಯೂ ಆಗಿರಬೇಕೆಂಬ ವಿಚಿತ್ರ ಷರತ್ತು ಮೊದಲು ಇತ್ತು. 2013ರಲ್ಲಿ ಅದನ್ನು ತೆಗೆದರು. ನಲವತ್ತು ವರ್ಷದ ಮೇಲೆ ಪಾದ ಉರಿಯತೊಡಗಿದವರಿಗೆ ಈ ಬಾಗಿಲು ಈಗಲೂ ಮುಚ್ಚಿದೆ. ಅವರಲ್ಲಿ ಬಹಳ ಮಂದಿ ಸುತ್ತುದಾರಿಯಲ್ಲಿ ಬರುತ್ತಾರೆ. 2001ರಿಂದ ಟೈಪ್-2 ಸಕ್ಕರೆ ಕಾಯಿಲೆ ಪಟ್ಟಿಯಲ್ಲಿದೆ. ಸಕ್ಕರೆ ಕಾಯಿಲೆ ನರಗಳನ್ನು ಹಾಳುಮಾಡುವುದು ಎಲ್ಲ ವೈದ್ಯರೂ ಬಲ್ಲ ಮಾತು. ಆದ್ದರಿಂದ ಮೊದಲು ಸಕ್ಕರೆ ಕಾಯಿಲೆಗೆ ಪರಿಹಾರ, ಅದರ ಬೆನ್ನಿಗೆ ಉಪಕಾಯಿಲೆಯಾಗಿ ನರಹಾನಿಗೆ ಪರಿಹಾರ. 2022ರ ಪ್ಯಾಕ್ಟ್ ಕಾಯ್ದೆ ಥಾಯ್ಲೆಂಡಿನಂಥ ಜಾಗಗಳಲ್ಲಿದ್ದವರನ್ನೂ ಈ ಊಹೆಯ ಒಳಗೆ ತಂದಿತು.

ಕೊಂಡಿ ಸಾಬೀತಾದ ಮೇಲೂ ಶೇಕಡಾವಾರಿನ ಜಗಳ ಉಳಿಯುತ್ತದೆ. ಇಲಾಖೆಯ ಅಳತೆಪಟ್ಟಿಯಲ್ಲಿ ಒಂದೊಂದು ನರಕ್ಕೂ ಒಂದೊಂದು ಸಂಖ್ಯೆಯಿದೆ. ಸಯಾಟಿಕ್ ನರದ್ದು 8520. ಆ ನರ ಪೂರ್ತಿ ಸತ್ತು, ಪಾದ ಜೋತುಬಿದ್ದು, ಮಂಡಿಯ ಕೆಳಗೆ ಸ್ನಾಯು ಅಲುಗದಿದ್ದರೆ ಶೇ. 80. ಭಾಗಶಃ ಹಾನಿಯಾಗಿದ್ದರೆ ಸೌಮ್ಯಕ್ಕೆ 10, ಮಧ್ಯಮಕ್ಕೆ 20, ತುಸು ಹೆಚ್ಚು ತೀವ್ರವಾದುದಕ್ಕೆ 40, ಸ್ನಾಯು ಎದ್ದು ಕಾಣುವಷ್ಟು ಸೊರಗಿದ ತೀವ್ರ ಹಾನಿಗೆ 60. ಸೌಮ್ಯ ಎಲ್ಲಿ ಮುಗಿದು ಮಧ್ಯಮ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಿಯಮಾವಳಿ ಹೇಳುವುದೇ ಇಲ್ಲ. ತೊಂದರೆ ಸ್ಪರ್ಶಕ್ಕೆ ಮಾತ್ರ ಸೀಮಿತವಾಗಿದ್ದರೆ ಹೆಚ್ಚೆಂದರೆ ಮಧ್ಯಮದವರೆಗೆ ಹೋಗಬಹುದು ಎಂಬ ಒಂದು ಟಿಪ್ಪಣಿ ಇದೆ, ಅಷ್ಟೆ. ಬರೀ ನೋವು, ಉರಿ, ಜೋಮಿನಿಂದ ಬಳಲುವವರು ಎಷ್ಟೇ ನರಳಿದರೂ ಈ ಟಿಪ್ಪಣಿ ಅವರ ತಲೆಯ ಮೇಲಿನ ಸೂರಿನಂತೆ ನಿಂತುಬಿಡುತ್ತದೆ. ಅದನ್ನು ದಾಟಬೇಕಾದರೆ ಸ್ನಾಯುಬಲ ಕುಗ್ಗಿದೆ, ಪ್ರತಿವರ್ತನೆ ಹೋಗಿದೆ ಅಥವಾ ಮಾಂಸ ಕರಗಿದೆ ಎಂದು ತೋರಿಸಬೇಕು.

ಆದ್ದರಿಂದ ಇಲಾಖೆ ಏರ್ಪಡಿಸುವ ವೈದ್ಯಕೀಯ ಪರೀಕ್ಷೆಯೇ ಇಡೀ ಪ್ರಕರಣದ ಹೃದಯಭಾಗ. ಪರೀಕ್ಷಕರು ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತುತ್ತಾರೆ. 10 ಗ್ರಾಮಿನಷ್ಟು ಒತ್ತಡಕ್ಕೆ ಬಾಗುವಂತೆ ಅದನ್ನು ಮಾಡಿರುತ್ತಾರೆ. ಕಣ್ಣು ಮುಚ್ಚಿಕೊಂಡವರು ಮುಟ್ಟಿದ್ದು ಗೊತ್ತಾದಾಗ ಹೇಳಬೇಕು. ನಡುಗುವ ಶ್ರುತಿಕವೆಯನ್ನು ಹೆಬ್ಬೆರಳಿನ ಗಂಟಿಗೆ ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಮಂಡಿಗೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಸುತ್ತಿಗೆಯಿಂದ ತಟ್ಟಿ ಪ್ರತಿವರ್ತನೆ ನೋಡುತ್ತಾರೆ, ಸ್ನಾಯುಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕುತ್ತಾರೆ. ಕಾಲಿನ ರೋಮ ಉದುರಿ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ ಅದೂ ಗುರುತೇ. ಒಂದೊಂದು ಕೈಗೂ ಒಂದೊಂದು ಕಾಲಿಗೂ ನೋವು, ಜುಮುಜುಮು, ಮರಗಟ್ಟುವಿಕೆ ಎಷ್ಟೆಂದು ನಮೂನೆಯಲ್ಲಿ ಗುರುತು ಹಾಕುತ್ತಾರೆ. ಅವಸರದ ಪರೀಕ್ಷೆಯಲ್ಲಿ ‘ಸೌಮ್ಯ’ದ ಮುಂದೆ ಬಿದ್ದ ಒಂದು ಗುರುತು ವರ್ಷಗಳ ಮೇಲ್ಮನವಿಗೆ ಕಾರಣವಾಗಬಲ್ಲದು. ‘ಚೆನ್ನಾಗಿದ್ದೇನೆ’ ಎಂದೇ ಉತ್ತರಿಸಿ ರೂಢಿಯಾದ ಹಳೆಯ ಸೈನಿಕರು ಇಲ್ಲಿ ತಮಗೆ ತಾವೇ ನಷ್ಟ ಮಾಡಿಕೊಳ್ಳುತ್ತಾರೆ.

ಯಂತ್ರದ ಪರೀಕ್ಷೆಯೂ ಕೊನೆಯ ಮಾತಲ್ಲ. ನರದಲ್ಲಿ ವಿದ್ಯುತ್ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆ ದಪ್ಪ ನರತಂತುಗಳನ್ನಷ್ಟೇ ಹಿಡಿಯುತ್ತದೆ. ನೋವನ್ನೂ ಬಿಸಿ-ತಂಪನ್ನೂ ಒಯ್ಯುವ ತೀರ ಸಣ್ಣ ತಂತುಗಳು ಹಾಳಾದಾಗ ವರದಿ ‘ಸಹಜ’ ಎಂದೇ ಬರಬಹುದು. ಅದನ್ನು ಪತ್ತೆಹಚ್ಚಲು ಕಾಲಿನ ಚರ್ಮದ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ತಂತುಗಳನ್ನು ಎಣಿಸಬೇಕಾಗುತ್ತದೆ. ಸಹಜ ವರದಿ ತೋರಿಸಿ ಅರ್ಜಿ ತಿರಸ್ಕರಿಸಿದಾಗ ಮೇಲ್ಮನವಿಯಲ್ಲಿ ಹಾಕಬಹುದಾದ ಬಲವಾದ ಹೊಸ ಸಾಕ್ಷ್ಯವೆಂದರೆ ಇದೇ. ರೋಗಕ್ಕೆ ಹೆಸರೇ ಸಿಗದಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ದೇಹದ ಕೆಲಸಕ್ಕೆ ಅಡ್ಡಿಯಾಗುವ ನೋವು ತಾನೇ ಒಂದು ವೈಕಲ್ಯವಾಗಬಲ್ಲದು ಎಂದು 2018ರಲ್ಲಿ ಸಾಂಡರ್ಸ್ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಒಪ್ಪಿತು.

ಹಲವು ವೈಕಲ್ಯಗಳಿದ್ದಾಗ ಅಂಕಿಗಳನ್ನು ನೇರವಾಗಿ ಕೂಡಿಸುವುದಿಲ್ಲ. ಎರಡೂ ಕಾಲಿಗೆ ತಲಾ ಶೇ. 20 ಇದ್ದರೆ, ಮೊದಲ 20 ಕಳೆದು ಉಳಿದ 80ರ ಮೇಲೆ ಮತ್ತೆ ಶೇ. 20 ಲೆಕ್ಕಹಾಕಿ ಒಟ್ಟು 36 ಎನ್ನುತ್ತಾರೆ. ಎರಡೂ ಕಾಲು ಕೆಟ್ಟರೆ ಒಂದಕ್ಕೊಂದು ಆಸರೆಯಾಗದು ಎಂಬ ಕಾರಣಕ್ಕೆ ಆ ಮೊತ್ತದ ಹತ್ತನೇ ಒಂದು ಭಾಗವನ್ನು ಸೇರಿಸುತ್ತಾರೆ, 39.6 ಆಗಿ, ಕೊನೆಗೆ 40 ಎಂದು ನಿಲ್ಲುತ್ತದೆ. ಈ ಸೇರ್ಪಡೆ ಬಿಟ್ಟುಹೋಗಿದೆಯೇ ಎಂದು ಆದೇಶದಲ್ಲಿ ಮೊದಲು ನೋಡಿಕೊಳ್ಳಬೇಕು.

ಈಗಿನ ಮೇಲ್ಮನವಿಯ ವ್ಯವಸ್ಥೆ 2017ರಲ್ಲಿ ಕಾಯ್ದೆಯಾಗಿ 2019ರ ಫೆಬ್ರುವರಿ 19ರಿಂದ ಜಾರಿಗೆ ಬಂತು. ಆದೇಶ ಬಂದ ಒಂದು ವರ್ಷದೊಳಗೆ ಮೂರರಲ್ಲಿ ಒಂದು ದಾರಿ ಹಿಡಿಯಬೇಕು. ಹೊಸ, ಸಂಬಂಧಪಟ್ಟ ಸಾಕ್ಷ್ಯವಿದ್ದರೆ ಪೂರಕ ಅರ್ಜಿ. ಸಾಕ್ಷ್ಯವೆಲ್ಲ ಕಡತದಲ್ಲೇ ಇದ್ದು ಅದನ್ನು ತಪ್ಪಾಗಿ ಓದಿದ್ದಾರೆಂದು ಅನ್ನಿಸಿದರೆ ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ. ಇಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಮೂರನೆಯದು ವಾಷಿಂಗ್ಟನ್ನಿನ ಮೇಲ್ಮನವಿ ಮಂಡಳಿ. ಇದ್ದ ಕಡತದ ಮೇಲೆ ತೀರ್ಪು, ಹೊಸ ಸಾಕ್ಷ್ಯ, ನ್ಯಾಯಾಧೀಶರ ಮುಂದೆ ವಿಚಾರಣೆ, ಈ ಮೂರರಲ್ಲಿ ಒಂದನ್ನು ಅಲ್ಲಿ ಆರಿಸಿಕೊಳ್ಳಬಹುದು. ಒಂದು ದಾರಿಯಲ್ಲಿ ಸೋತವರು ಮತ್ತೊಂದು ವರ್ಷದೊಳಗೆ ಪೂರಕ ಅರ್ಜಿ ಹಾಕುತ್ತಾ ಹೋದರೆ ಮೊದಲ ಅರ್ಜಿಯ ದಿನಾಂಕ ಉಳಿಯುತ್ತದೆ, ಗೆದ್ದಾಗ ಬಾಕಿಯೂ ಅಲ್ಲಿಂದಲೇ ಸಿಗುತ್ತದೆ. ಗಡುವು ತಪ್ಪಿದರೆ ಎಷ್ಟೋ ವರ್ಷದ ಬಾಕಿ ಕೈಬಿಟ್ಟುಹೋಗುತ್ತದೆ.

ಮಂಡಳಿಯ ಆಚೆ ನ್ಯಾಯಾಲಯಕ್ಕೆ ಹೋಗುವ ಹಕ್ಕು ಸಿಕ್ಕಿದ್ದು 1988ರಲ್ಲಿ. ಆ ವರ್ಷದ ಕಾಯ್ದೆ ಮಾಜಿ ಸೈನಿಕರ ಮೇಲ್ಮನವಿಗೆಂದೇ ಪ್ರತ್ಯೇಕ ನ್ಯಾಯಾಲಯ ಸ್ಥಾಪಿಸಿತು. ಅಲ್ಲಿಗೆ 120 ದಿನದೊಳಗೆ ಹೋಗಬೇಕು. ಈ ಹಕ್ಕಿನ ಬೆಲೆ ಏನೆಂಬುದನ್ನು ಒಂದು ನರದ ಪ್ರಕರಣವೇ ತೋರಿಸಿತು. ಕೊರಿಯಾ ಯುದ್ಧದ ಸೈನಿಕ ಗಾರ್ಡ್ನರ್ ಇಲಾಖೆಯ ಆಸ್ಪತ್ರೆಯಲ್ಲಿ ಬೆನ್ನಿನ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಆಮೇಲೆ ಎಡಗಾಲಿನಲ್ಲಿ ನೋವು, ನಿಶ್ಶಕ್ತಿ ಶುರುವಾಯಿತು. ವೈದ್ಯರ ತಪ್ಪನ್ನೋ ಅಪಘಾತವನ್ನೋ ತೋರಿಸದೆ ಪರಿಹಾರವಿಲ್ಲವೆಂದು ಇಲಾಖೆ ಅರ್ಜಿ ತಿರಸ್ಕರಿಸಿತು. ಅರವತ್ತು ವರ್ಷ ಹಳೆಯದಾಗಿದ್ದ ಆ ನಿಯಮಕ್ಕೆ ಮೂಲ ಕಾಯ್ದೆಯಲ್ಲಿ ಆಧಾರವೇ ಇರಲಿಲ್ಲ. 1994ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದುಮಾಡಿತು. ಸಂಸತ್ತು 1996ರಲ್ಲಿ ಕಾಯ್ದೆಯನ್ನೇ ತಿದ್ದಿ ತಪ್ಪು ತೋರಿಸಬೇಕೆಂಬ ಷರತ್ತನ್ನು ಮರಳಿ ತಂದಿತು. ಆದರೂ ಆರು ದಶಕ ಯಾರೂ ಪ್ರಶ್ನಿಸಲಾಗದಿದ್ದ ನಿಯಮವೊಂದು ನ್ಯಾಯಾಲಯದ ಬಾಗಿಲು ತೆರೆದ ಆರೇ ವರ್ಷದಲ್ಲಿ ಬಿದ್ದುಹೋದದ್ದು ಸಣ್ಣ ಸಂಗತಿಯಲ್ಲ. 2025ರ ಬಫ್ಕಿನ್ ತೀರ್ಪು ಮಾತ್ರ ಸೈನಿಕರಿಗೆ ಹಿನ್ನಡೆ. ಸಾಕ್ಷ್ಯ ಸಮತೂಕದಲ್ಲಿದೆಯೇ ಎಂಬ ಇಲಾಖೆಯ ನಿರ್ಣಯದಲ್ಲಿ ಸ್ಪಷ್ಟ ತಪ್ಪು ಕಂಡರಷ್ಟೇ ನ್ಯಾಯಾಲಯ ಕೈಹಾಕಬಹುದು ಎಂದಿತು ಅದು. ಹೀಗಾಗಿ ಮಂಡಳಿಯ ಹಂತದಲ್ಲೇ ಸಾಕ್ಷ್ಯವನ್ನು ಗಟ್ಟಿಮಾಡಿಕೊಳ್ಳುವುದು ಮೊದಲಿಗಿಂತ ಮುಖ್ಯವಾಗಿದೆ.

ಮೊದಲ ಅರ್ಜಿಗೆ ವಕೀಲರು ಶುಲ್ಕ ಪಡೆಯುವಂತಿಲ್ಲ. ಮೊದಲ ಆದೇಶದ ನಂತರ ಪಡೆಯಬಹುದು; ಬಾಕಿಯ ಶೇ. 20ರವರೆಗಿನ ಶುಲ್ಕವನ್ನು ಸಾಮಾನ್ಯವಾಗಿ ನ್ಯಾಯಸಮ್ಮತವೆಂದು ಭಾವಿಸುತ್ತಾರೆ. ಅಮೆರಿಕನ್ ಲೀಜನ್, ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್‌ನಂಥ ಸಂಘಗಳ ಪ್ರತಿನಿಧಿಗಳು ಹಣ ಪಡೆಯದೆ ಅರ್ಜಿ ನಡೆಸಿಕೊಡುತ್ತಾರೆ. ಕೊರಿಯಾ, ವಿಯೆಟ್ನಾಂ ಯುದ್ಧಗಳ ಸೈನಿಕರಿಗೆ ಈಗ ವಯಸ್ಸಾಗಿದೆ. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ತೀರಿಕೊಳ್ಳುವವರಿದ್ದಾರೆ. ಹಿಂದೆ ಸಾವಿನೊಂದಿಗೆ ಅರ್ಜಿಯೂ ಮುಗಿಯುತ್ತಿತ್ತು, ಮನೆಯವರು ಬೇರೆ ಅರ್ಜಿ ಹಾಕಿ ಮೊದಲಿನಿಂದ ಶುರುಮಾಡಬೇಕಿತ್ತು. 2008ರ ತಿದ್ದುಪಡಿಯಿಂದ, ಬದುಕುಳಿದ ಸಂಗಾತಿ ಅಥವಾ ಅರ್ಹ ಮಕ್ಕಳು, ತಂದೆತಾಯಿ ಒಂದು ವರ್ಷದೊಳಗೆ ಕೋರಿಕೆ ಸಲ್ಲಿಸಿದರೆ ಅದೇ ಮೇಲ್ಮನವಿಯನ್ನು ಅದು ನಿಂತ ಹಂತದಿಂದಲೇ ಮುಂದುವರಿಸಬಹುದು.