ಪರದೆ ‘ಮುಗಿಯಿತು’ ಎಂದಮೇಲೂ ಬರವಣಿಗೆ ಮುಗಿದಿರುವುದಿಲ್ಲ

ಶಹಾಪುರದ ಬುದ್ಧ ಮಲಗಿದ ಬೆಟ್ಟದ ವಿಡಿಯೊವೊಂದನ್ನು ಹೈಸ್ಕೂಲಿನ ಮೇಷ್ಟ್ರೊಬ್ಬರು ಶಾಲೆಯ ಉಬುಂಟು ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತಿದ್ದಾರೆ ಎನ್ನಿ. ಫೈಲು 400 ಎಂಬಿ. ಕಾಪಿ ಪಟ್ಟಿ ಸರ್ರನೆ ಓಡಿ ಕೆಲವೇ ಸೆಕೆಂಡಿನಲ್ಲಿ ಪೂರ್ತಿಯಾಗುತ್ತದೆ. ಆದರೆ ಪೆನ್‌ಡ್ರೈವಿನ ಪುಟ್ಟ ದೀಪ ಮಿಣುಕುತ್ತಲೇ ಇರುತ್ತದೆ. ಹಳೆಯ ಪೆನ್‌ಡ್ರೈವ್ ಸೆಕೆಂಡಿಗೆ 5 ಎಂಬಿ ಬರೆಯುವುದಾದರೆ ಅದಕ್ಕೆ 80 ಸೆಕೆಂಡು ಬೇಕು. ಅಷ್ಟರಲ್ಲಿ ಕಿತ್ತುಕೊಂಡು ಹೋದರೆ ಮನೆಯಲ್ಲಿ ಫೈಲು ತೆರೆಯುವುದಿಲ್ಲ. ‘ವೈರಸ್ ಬಂದಿರಬೇಕು’ ಎನ್ನುತ್ತಾರೆ. ವೈರಸ್ ಬಂದಿರುವುದಿಲ್ಲ, ಬರವಣಿಗೆ ಅರ್ಧಕ್ಕೆ ನಿಂತಿರುತ್ತದೆ.

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳಿಗೆ ಉಬುಂಟು ಹೊಸದೇನಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಬಳಸಿದ್ದು ಅದನ್ನೇ. ಅದರ ಒಡಲಲ್ಲಿರುವ ಲಿನಕ್ಸ್ ಕರ್ನೆಲ್, ನಾವು ‘ಸೇವ್’ ಒತ್ತಿದಾಗ ಡಿಸ್ಕಿನತ್ತ ಓಡುವುದಿಲ್ಲ. ಬರೆಯಬೇಕಾದದ್ದನ್ನು ಮೊದಲು ಮೆಮೊರಿಯ ಪುಟಗಳಲ್ಲಿ ಇಟ್ಟು, ‘ಇದನ್ನು ಇನ್ನೂ ಡಿಸ್ಕಿಗೆ ಮುಟ್ಟಿಸಬೇಕು’ ಎಂದು ಗುರುತು ಹಾಕಿಕೊಂಡು, ಆಯಿತೆಂದು ಪ್ರೋಗ್ರಾಮಿಗೆ ಹೇಳಿಬಿಡುತ್ತದೆ. ಹಾಗೆ ಗುರುತಾದವೇ ಡರ್ಟಿ ಪೇಜುಗಳು. ಹಿನ್ನೆಲೆಯಲ್ಲಿ ಒಂದು ಕೆಲಸಗಾರ ಥ್ರೆಡ್ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ಇದಕ್ಕೆ ಬಫರ್ಡ್ ರೈಟ್ ಎನ್ನುತ್ತಾರೆ.

ಈ ಪದ್ಧತಿಗೆ ಅರ್ಧ ಶತಮಾನ ತುಂಬಿದೆ. 1970ರ ದಶಕದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಲ್ಲೂ ಬಫರ್‌ಗಳಿದ್ದವು. 30 ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ತಳ್ಳುವ ಪುಟ್ಟ ಪ್ರೋಗ್ರಾಮೂ ಇತ್ತು. ಡಿಸ್ಕ್ ನಿಧಾನ, ಮೆಮೊರಿ ವೇಗ. ಒಂದೇ ಫೈಲಿಗೆ ಹತ್ತು ಸಲ ಬರೆದರೂ ಡಿಸ್ಕಿಗೆ ಹೋಗುವುದು ಕೊನೆಯ ರೂಪ ಮಾತ್ರ ಎಂಬ ಉಳಿತಾಯ ಬೇರೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೆಮೊರಿಯಲ್ಲಿದ್ದು ಡಿಸ್ಕಿಗೆ ಹೋಗದ್ದು, ಕರೆಂಟು ಹೋದರೆ ಹೋಯಿತು. ಬೇಸಿಗೆಯಲ್ಲಿ ಯಾದಗಿರಿಯ ಡಿಟಿಪಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬರೆಯುವ ಪ್ರೋಗ್ರಾಮುಗಳು ಹೆಚ್ಚಾಗಿ ಡಿಸ್ಕ್ ನಿಧಾನವಾದರೆ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡವರಿಗೆ ಲೆಕ್ಕ ಸುಲಭ. ಹೊಳೆ ಎಷ್ಟೇ ಬರಲಿ, ಸುರಪುರ, ಶಹಾಪುರದ ಹೊಲಗಳಿಗೆ ಹೋಗುವುದು ಕಾಲುವೆ ಹಿಡಿಸುವಷ್ಟೇ. ಜಲಾಶಯ ತುಂಬುತ್ತ ಬಂದಾಗ ಯಾರಾದರೂ ಗೇಟಿನ ಬಳಿ ನಿಂತು ನಿರ್ಧರಿಸಬೇಕು. ಲಿನಕ್ಸ್‌ನ ರೂಢಿಯ ಮಿತಿಗಳು ಹೀಗಿವೆ: ಸಿಗುವ ಮೆಮೊರಿಯ ಶೇ 10 ಡರ್ಟಿಯಾದರೆ ಹಿನ್ನೆಲೆಯಲ್ಲಿ ಸಾಗಣೆ ಶುರು, ಶೇ 20ರ ಹತ್ತಿರ ಬಂದರೆ ಬರೆಯುವ ಪ್ರೋಗ್ರಾಮನ್ನೇ ತಡೆಯುವುದು. ಮೊದಲೆಲ್ಲ ಹಾಗೆ ತಡೆದ ಪ್ರೋಗ್ರಾಮಿನ ಕೈಯಿಂದಲೇ ಡಿಸ್ಕಿಗೆ ಬರೆಸುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಫೈಲು ಹಿಡಿದು ಡಿಸ್ಕಿಗೆ ಮುಗಿಬಿದ್ದು, ಅದರ ಸೂಜಿ ಅತ್ತಿಂದಿತ್ತ ಓಡಿ ಸುಸ್ತಾಗುತ್ತಿತ್ತು. 2009ರಲ್ಲಿ ಕರ್ನೆಲ್ ಎಂಜಿನಿಯರ್ ಜೆನ್ಸ್ ಆಕ್ಸ್‌ಬೋ ಪ್ರತಿ ಡಿಸ್ಕಿಗೂ ಅದರದೇ ಸಾಗಣೆ ಥ್ರೆಡ್ ಕೊಟ್ಟರು. 2012ರ ಜನವರಿಯಲ್ಲಿ ಬಂದ ಲಿನಕ್ಸ್ 3.2 ಆವೃತ್ತಿಯಲ್ಲಿ ವು ಫೆಂಗ್‌ಗುವಾಂಗ್ ಅವರ ಕೆಲಸ ಸೇರಿತು: ಪ್ರೋಗ್ರಾಮು ಡಿಸ್ಕ್ ಮುಟ್ಟುವುದೇ ಬೇಡ, ಡಿಸ್ಕಿನ ವೇಗ ಅಳೆದು ಅದಕ್ಕೆ ತಕ್ಕಷ್ಟು ಹೊತ್ತು ಸುಮ್ಮನೆ ಮಲಗಿಸಿದರೆ ಸಾಕು.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಲಿನಕ್ಸ್ ಬೆಂಗಳೂರು ಸಮ್ಮೇಳನ 2001ರಲ್ಲೇ ಶುರುವಾಗಿತ್ತು. ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಅವರು ಲಿನಕ್ಸ್‌ನ ಅಸಿಂಕ್ರೊನಸ್ (ಮುಗಿಯುವವರೆಗೆ ಕಾಯದ) ಇನ್‌ಪುಟ್–ಔಟ್‌ಪುಟ್ ಕುರಿತು 2003ರಲ್ಲಿ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಸಹೋದ್ಯೋಗಿಗಳೊಡನೆ ಪ್ರಬಂಧ ಮಂಡಿಸಿದರು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ಕುರಿತು 2007ರಲ್ಲಿ ಬಂದ ಪ್ರಬಂಧದಲ್ಲೂ ಅವರ ಹೆಸರಿದೆ. ಅದೇ ಸಂಸ್ಥೆಯ ಅನೀಶ್ ಕುಮಾರ್ ಅವರು ಇಎಕ್ಸ್‌ಟಿ4ನ ಜಾಗ ಹಂಚುವ ಭಾಗವನ್ನು ಗಟ್ಟಿ ಮಾಡಿದವರಲ್ಲಿ ಒಬ್ಬರು. ಅದರ ಮುಖ್ಯ ಉಪಾಯ, ಡಿಸ್ಕಿನಲ್ಲಿ ಜಾಗ ಹುಡುಕುವುದನ್ನೂ ಮುಂದೂಡುವುದು. ಪುಟಗಳು ಮೆಮೊರಿಯಲ್ಲಿ ಕೂಡಿದ ಮೇಲೆ ಒಟ್ಟಿಗೆ, ಒಂದೇ ಸಾಲಾಗಿ ಜಾಗ ಕೊಟ್ಟರೆ ಫೈಲು ಚೂರುಚೂರಾಗುವುದಿಲ್ಲ.

2008ರ ಡಿಸೆಂಬರ್ 25ರಂದು ಬಂದ ಲಿನಕ್ಸ್ 2.6.28 ಆವೃತ್ತಿಯಲ್ಲಿ ಇಎಕ್ಸ್‌ಟಿ4 ‘ಸ್ಥಿರ’ ಎನಿಸಿಕೊಂಡಿತು. ಮುಂದಿನ ವರ್ಷವೇ ದೂರು ಬಂತು: ಕಂಪ್ಯೂಟರ್ ಹಠಾತ್ತನೆ ನಿಂತರೆ ಈಗಷ್ಟೇ ಉಳಿಸಿದ ಫೈಲುಗಳು ಸೊನ್ನೆ ಬೈಟಾಗಿ ಉಳಿಯುತ್ತಿದ್ದವು. ಹಳೆಯ ಇಎಕ್ಸ್‌ಟಿ3 ಸಾಮಾನ್ಯವಾಗಿ 5 ಸೆಕೆಂಡಿಗೆ ಡಿಸ್ಕಿಗೆ ಮುಟ್ಟಿಸುತ್ತಿದ್ದುದರಿಂದ ಪ್ರೋಗ್ರಾಮು ಬರೆಯುವವರು ಎಚ್ಚರ ತಪ್ಪಿದ್ದರು. ಇಎಕ್ಸ್‌ಟಿ4 ನೋಡಿಕೊಳ್ಳುತ್ತಿದ್ದ ಥಿಯೊಡರ್ ಚೋ ತೇಪೆ ಹಾಕಿದರು. ಪ್ರೋಗ್ರಾಮರುಗಳೂ ‘ಈಗಲೇ ಡಿಸ್ಕಿಗೆ ಮುಟ್ಟಿಸು’ ಎನ್ನುವ ‘ಎಫ್‌ಸಿಂಕ್’ ಕರೆಯುವುದನ್ನು ಕಲಿಯಬೇಕಾಯಿತು. ವೇಗ ಹೆಚ್ಚಿಸಿದವರು ನಷ್ಟದ ಕಿಟಕಿಯನ್ನೂ ಅಗಲ ಮಾಡಿದ್ದರು, ಅದನ್ನು ಮುಚ್ಚುವ ಹೊಣೆಯೂ ಅವರದೇ. ಇದೇ ಇಎಕ್ಸ್‌ಟಿ4 ಅನ್ನು 2010ರ ಕೊನೆಯಲ್ಲಿ ಆಂಡ್ರಾಯ್ಡ್ ನೆಕ್ಸಸ್ ಎಸ್ ಫೋನಿನಲ್ಲಿ ಅಳವಡಿಸಿಕೊಂಡಿತು. ಬೆಂಗಳೂರಿನಲ್ಲಿ ತಿದ್ದಿದ ಸಾಲುಗಳು ಸುರಪುರದ ಹುಡುಗರ ಜೇಬು ಸೇರಿದ್ದು ಹೀಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2023ರ ತಿದ್ದುಪಡಿ. ಐಬಿಎಂನ ಪವರ್ ಸರ್ವರುಗಳಲ್ಲಿ ಮೆಮೊರಿಯ ಒಂದು ಪುಟ 64 ಕೆಬಿ. ಡಿಸ್ಕಿನ ಬ್ಲಾಕು 4 ಕೆಬಿ. ಎಂದರೆ ಒಂದು ಪುಟದಲ್ಲಿ 16 ಬ್ಲಾಕು. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಬಳಸುವ ಐಒಮ್ಯಾಪ್ ಎಂಬ ಪದರಕ್ಕೆ ಇಡೀ ಪುಟ ಡರ್ಟಿಯೋ ಅಲ್ಲವೋ ಎಂಬುದಷ್ಟೇ ಗೊತ್ತಿತ್ತು. ಡೇಟಾಬೇಸು 4 ಕೆಬಿ ಬದಲಿಸಿದರೂ ಡಿಸ್ಕಿಗೆ ಹೋಗುತ್ತಿದ್ದುದು 64 ಕೆಬಿ. ಐಬಿಎಂನ ಭಾರತೀಯ ಕಚೇರಿಯ ಎಂಜಿನಿಯರ್ ಒಬ್ಬರು ಇದನ್ನು ವರದಿ ಮಾಡಿದರು. ಕರ್ನೆಲ್ ಎಂಜಿನಿಯರ್ ರಿತೇಶ್ ಹರ್ಜಾನಿ ತಿದ್ದುಪಡಿ ಬರೆದರು: ಪ್ರತಿ ಪುಟದ ಜೊತೆಗೆ ಬ್ಲಾಕಿಗೊಂದು ಬಿಟ್, ಯಾವ ಬ್ಲಾಕು ಬದಲಾಗಿದೆಯೋ ಅದರ ಬಿಟ್ ಮಾತ್ರ ಎದ್ದಿರುತ್ತದೆ, ಸಾಗಣೆಯ ಹೊತ್ತಿಗೆ ಎದ್ದ ಬಿಟ್‌ಗಳ ಬ್ಲಾಕುಗಳಷ್ಟೇ ಹೊರಡುತ್ತವೆ. ಅವರ ಪರೀಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 28 ಎಂಬಿ ಇದ್ದದ್ದು ಸುಮಾರು 452 ಎಂಬಿಗೆ ಏರಿತು. 16 ಪಟ್ಟು, ಒಂದು ಪುಟದಲ್ಲಿರುವ ಬ್ಲಾಕುಗಳಷ್ಟೇ! ಹಳೆಯ ಪದ್ಧತಿಯಲ್ಲಿ ಪೋಲಾಗುತ್ತಿದ್ದ ಶ್ರಮದ ಅಳತೆಯೂ ಅದೇ.

ಕೇಳಲು ಸರಳ, ಮಾಡಲು ಅಲ್ಲ. ಒಂದು ಥ್ರೆಡ್ ಬರೆಯುತ್ತಿರುವಾಗಲೇ ಇನ್ನೊಂದು ಸಾಗಿಸುತ್ತಿರುತ್ತದೆ. ಒಂದು ಬಿಟ್ ತಪ್ಪಿ ಇಳಿದರೂ ಯಾರದೋ ದತ್ತಾಂಶ ಸದ್ದಿಲ್ಲದೆ ಕಳೆದುಹೋಗುತ್ತದೆ. 2022ರಲ್ಲಿ ಮೊದಲ ಕರಡು ಬಂದು, ಬೇರೆ ದೇಶಗಳ ಪರಿಣತರು ಸಾಲುಸಾಲಾಗಿ ಪ್ರಶ್ನಿಸಿ, ಮತ್ತೆ ಮತ್ತೆ ತಿದ್ದಿ, ಕೊನೆಗೆ 2023ರ ಅಕ್ಟೋಬರ್ 29ರಂದು ಹೊರಬಂದ 6.6 ಆವೃತ್ತಿಯಲ್ಲಿ ಅದು ಜಗತ್ತಿಗೆ ಸಿಕ್ಕಿತು. ಪುಟಕ್ಕಿಂತ ಚಿಕ್ಕ ಬ್ಲಾಕುಗಳ ಇದೇ ತೊಡಕಿಗಾಗಿ ಐಬಿಎಂನಲ್ಲಿದ್ದಾಗ ಚಂದನ್ ರಾಜೇಂದ್ರ ಹಿಂದೆ ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನಲ್ಲಿ ವರ್ಷಗಟ್ಟಲೆ ಶ್ರಮಿಸಿದ್ದರು. ಬಿಟಿಆರ್‌ಎಫ್‌ಎಸ್‌ಗೆ ಆ ಸೌಲಭ್ಯ ಕೊನೆಗೆ ಬಂದದ್ದು ಬೇರೆಯವರ ಕೈಯಿಂದ.

ಫೋನುಗಳಲ್ಲಿ ಹೆಚ್ಚಾಗಿ ಇರುವುದು ಎಕ್ಸ್‌ಎಫ್‌ಎಸ್ ಅಲ್ಲ, ಇಎಕ್ಸ್‌ಟಿ4, ಎಫ್2ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳು. ಹಾಗಾಗಿ ಈ ತಿದ್ದುಪಡಿಯ ಲಾಭ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ದೊಡ್ಡ ಸರ್ವರುಗಳಲ್ಲಿ ಅದು ದುಡಿಯುತ್ತಿದೆ.

ಇಷ್ಟೆಲ್ಲ ಕೋಡ್ ಬಚ್ಚಿಟ್ಟದ್ದಲ್ಲ. ಸುರಪುರದ ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಯಾದಗಿರಿ, ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಆಪರೇಟಿಂಗ್ ಸಿಸ್ಟಂ ಪರೀಕ್ಷೆಗೆ ನೋಟ್ಸ್ ಉರು ಹೊಡೆಯುವ ಮೊದಲು ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್ ತೆರೆಯಿರಿ. ‘ಪ್ರೊಕ್’ ಫೋಲ್ಡರಿನ ‘ಮೆಮ್‌ಇನ್ಫೊ’ ಫೈಲಿನಲ್ಲಿ ‘ಡರ್ಟಿ’ ಎಂಬ ಸಾಲು ನೋಡಿ, ದೊಡ್ಡ ಫೈಲೊಂದನ್ನು ಕಾಪಿ ಮಾಡಿ, ಸಂಖ್ಯೆ ಏರುವುದನ್ನು ಗಮನಿಸಿ. ಬಳಿಕ ‘ಸಿಂಕ್’ ಎಂದು ಟೈಪಿಸಿ, ಇಳಿಯುವುದನ್ನು ನೋಡಿ. ಆಮೇಲೆ ಕರ್ನೆಲ್‌ನ ‘ಎಫ್‌ಎಸ್’ ಫೋಲ್ಡರಿನೊಳಗಿನ ‘ಐಒಮ್ಯಾಪ್’ ತೆರೆದು ಬಫರ್ಡ್ ಐಒ ಫೈಲನ್ನು ಓದಲು ಕುಳಿತುಕೊಳ್ಳಿ. ಅರ್ಥವಾಗದ ಕಡೆ ನಿಮ್ಮ ಮೇಷ್ಟ್ರನ್ನು ಕೇಳಿ, ಅವರನ್ನೂ ಓದಲು ಕೂರಿಸಿ.