ಗಂಡುಬೀರಿಗೂ ಮೊಗ್ಗಿನ ಜಡೆ

ಮರ ಹತ್ತುವ, ಗಲ್ಲಿ ಕ್ರಿಕೆಟ್ ಆಡುವ ಹುಡುಗಿಗೆ ಇಂಗ್ಲಿಷಿನಲ್ಲಿ ‘ಟಾಮ್‌ಬಾಯ್’, ನಮ್ಮಲ್ಲಿ ‘ಗಂಡುಬೀರಿ’. ತಮಾಷೆ ನೋಡಿ, 16ನೇ ಶತಮಾನದಲ್ಲಿ ಟಾಮ್‌ಬಾಯ್ ಎಂದರೆ ಪುಂಡ ಹುಡುಗ; ಶತಮಾನ ಮುಗಿಯುವಷ್ಟರಲ್ಲಿ ಆ ಹೆಸರು ಹುಡುಗಿಯರ ತಲೆಗೆ ಬಂತು. ನಮ್ಮ ಪದವಂತೂ ಬೈಗುಳವೇ.

ಹಾಗೆಂದು ಇವಳಿಗೆ ಹೂವು, ಬಳೆ ಬೇಡವೇ? 1988ರಲ್ಲಿ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಉದ್ದುದ್ದ ಉಗುರಿಗೆ ಬಣ್ಣ ಹಚ್ಚಿಕೊಂಡೇ ಟ್ರ್ಯಾಕಿಗಿಳಿಯುತ್ತಿದ್ದರು.

“ಎರಡರಲ್ಲೊಂದು ಆಗು” ಎಂದು ಅತ್ತೆ ಗದರಿದಾಗ ನನಗೆ ಅಳು ಬಂದಿತ್ತು. ಇಂಥ ಮಾತಿಗೇ ಎಷ್ಟೋ ಹುಡುಗಿಯರು ಬ್ಯಾಟನ್ನೋ ಬಳೆಯನ್ನೋ ಬಚ್ಚಿಡುತ್ತಾರೆ. ಅಮ್ಮ ಮಾತ್ರ ಮಾಟುಂಗದಿಂದ ಮಲ್ಲಿಗೆ ತಂದು ಮೊಗ್ಗಿನ ಜಡೆ ಹೆಣೆದಳು. ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸಿದ್ದಾಯಿತು. ಲಂಗದೊಳಗೆ ತರಚಿದ ಮಂಡಿ! ಸಂಜೆ ಅದೇ ಜಡೆಯಲ್ಲಿ ಬೌಲಿಂಗ್ ಮಾಡಿದೆ. ಅರ್ಧ ಮೊಗ್ಗು ಪಿಚ್ಚಿನ ಮೇಲೆ.